‘ಸರ್ವರ್ ಡೌನ್’ ಅಂದರೆ ಹ್ಯಾಕ್ ಆಗಿದೆ ಅಂತಲೇ? ನಿಮ್ಮ ಅರ್ಜಿ ಒಳಗೆ ಎಲ್ಲಿ ಸಿಕ್ಕಿಬೀಳುತ್ತದೆ?

ನಿಮ್ಮ ವಾಟ್ಸಾಪ್ ಗುಂಪಿಗೂ ಈ ಧಾಟಿಯ ಸಂದೇಶಗಳು ಬಂದೇ ಬಂದಿರುತ್ತವೆ. ‘ಸರ್ವರ್ ಹ್ಯಾಕ್ ಆಗಿದೆ, ಯಾರೂ ಅರ್ಜಿ ಹಾಕಬೇಡಿ’ ಎಂದು ಬೆಳಿಗ್ಗೆ ಒಂದು. ‘ಯೋಜನೆಯನ್ನೇ ನಿಲ್ಲಿಸಿದ್ದಾರೆ, ಅದಕ್ಕೇ ಸೈಟ್ ಬಂದ್’ ಎಂದು ಮಧ್ಯಾಹ್ನ ಇನ್ನೊಂದು. ರಾತ್ರಿಯ ಹೊತ್ತಿಗೆ ‘ಹಳೇ ಲಿಂಕ್ ಓಪನ್ ಆಗ್ತಿಲ್ಲ, ಈ ಹೊಸ ಲಿಂಕ್‌ನಲ್ಲಿ ಹಾಕಿ, ಎಲ್ಲರಿಗೂ ಶೇರ್ ಮಾಡಿ’ ಎಂದು ಮೂರನೆಯದು. ಮೊದಲ ಎರಡು ಸಂದೇಶಗಳಿಂದ ಗೊಂದಲವಷ್ಟೇ ಆಗುತ್ತದೆ. ಮೂರನೆಯದು ಬ್ಯಾಂಕ್ ಖಾತೆಯನ್ನೇ ಖಾಲಿ ಮಾಡಬಹುದು.

ಭಟ್ಕಳದ ಪಕ್ಕದ ಜಾಲಿಯಂಥ ಊರಿನಲ್ಲಿ ಇಂದು ಇ-ಖಾತೆ, ರೇಷನ್ ಕಾರ್ಡ್ ತಿದ್ದುಪಡಿ, ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ ಯಾವುದು ಬೇಕಿದ್ದರೂ ಒಂದು ಫಾರ್ಮ್ ತುಂಬಿ ‘ಸಲ್ಲಿಸಿ’ ಬಟನ್ ಒತ್ತಲೇಬೇಕು. ಒತ್ತಿದ ಮೇಲೆ ಸುತ್ತುವ ಚಕ್ರ, ಆಮೇಲೆ ಇಂಗ್ಲಿಷಿನಲ್ಲಿ ಒಂದು ದೋಷದ ಸಾಲು. ಆ ಸಾಲು ಏನು ಹೇಳುತ್ತಿದೆ ಎಂದು ಗೊತ್ತಾದರೆ ಅರ್ಧ ಫಾರ್ವರ್ಡ್‌ಗಳು ಅಲ್ಲೇ ಸುಳ್ಳಾಗುತ್ತವೆ. ಬನ್ನಿ, ಬಟನ್ ಒತ್ತಿದ ಮೇಲೆ ಏನಾಗುತ್ತದೆ ನೋಡೋಣ.

ರೇಷನ್ ಅಂಗಡಿಯನ್ನು ನೆನಪಿಸಿಕೊಳ್ಳಿ. ಕೌಂಟರಿನಲ್ಲಿ ಗುಮಾಸ್ತ, ಒಳಗಿನ ಕೋಣೆಯಲ್ಲಿ ದೊಡ್ಡ ರಿಜಿಸ್ಟರ್. ನೀವು ಚೀಟಿ ಕೊಡುತ್ತೀರಿ, ಗುಮಾಸ್ತ ಅದನ್ನು ಓದಿ, ಸರಿಯಿದೆಯೇ ಎಂದು ನೋಡಿ, ಒಳಗೆ ಹೋಗಿ ರಿಜಿಸ್ಟರಿನಲ್ಲಿ ಬರೆದು, ಹೊರಗೆ ಬಂದು ‘ಆಯಿತು’ ಎನ್ನುತ್ತಾನೆ. ಜಾಲತಾಣದಲ್ಲೂ ಇಷ್ಟೇ. ಚೀಟಿ ಎಂದರೆ ನೀವು ತುಂಬಿದ ಫಾರ್ಮ್. ಗುಮಾಸ್ತ ಎಂದರೆ ಸರ್ವರಿನಲ್ಲಿ ಓಡುವ ಒಂದು ಪ್ರೋಗ್ರಾಮ್. ಪಿಎಚ್‌ಪಿ, ಜಾವಾ, ಪೈಥಾನ್ ಹೀಗೆ ಯಾವುದಾದರೂ ಭಾಷೆಯಲ್ಲಿ ಬರೆದಿರುತ್ತಾರೆ. ರಿಜಿಸ್ಟರ್ ಎಂದರೆ ಡೇಟಾಬೇಸ್. ಗುಮಾಸ್ತನೂ ರಿಜಿಸ್ಟರೂ ಮಾತಾಡಿಕೊಳ್ಳುವ ಭಾಷೆ ಎಸ್‌ಕ್ಯುಎಲ್. ರಾಸ್ಮಸ್ ಲೆರ್ಡಾರ್ಫ್ ಎಂಬಾತ 1995ರಲ್ಲಿ ಹೊರತಂದ ಪಿಎಚ್‌ಪಿಯ ಮೊದಲ ರೂಪಗಳಲ್ಲೊಂದಕ್ಕೆ ‘ಫಾರ್ಮ್ಸ್ ಇಂಟರ್‌ಪ್ರಿಟರ್’ ಎಂಬ ಹೆಸರೂ ಅಂಟಿಕೊಂಡಿತ್ತು. ಫಾರ್ಮ್ ಓದುವುದೇ ಅದರ ಕಸುಬು.

ಈಗ ತಪ್ಪುವುದು ಎಲ್ಲಿ? ಚೀಟಿ ಗುಮಾಸ್ತನಿಗೆ ತಲುಪದೇ ಇರಬಹುದು. ಅವನಿಗೆ ಓದಲು ಬಾರದೇ ಇರಬಹುದು. ರಿಜಿಸ್ಟರ್ ಕೋಣೆಗೆ ಬೀಗ ಬಿದ್ದಿರಬಹುದು. ಎಲ್ಲವೂ ಆಗಿ, ‘ಆಯಿತು’ ಎಂದದ್ದು ಮಾತ್ರ ನಿಮಗೆ ಕೇಳದೇ ಹೋಗಿರಬಹುದು. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೂಕುನುಗ್ಗಲು

2023ರ ಜೂನ್ 18ರಂದು ಸೇವಾ ಸಿಂಧು ಜಾಲತಾಣದಲ್ಲಿ ಗೃಹಜ್ಯೋತಿಯ ನೋಂದಣಿ ಶುರುವಾಯಿತು, ಜುಲೈ 19ರಿಂದ ಗೃಹಲಕ್ಷ್ಮಿಯದು. ಗೃಹಲಕ್ಷ್ಮಿಯೊಂದಕ್ಕೇ ಅರ್ಜಿ ಹಾಕಬೇಕಾದವರು ಒಂದು ಕೋಟಿಗೂ ಹೆಚ್ಚು ಮನೆಯೊಡತಿಯರು. ಸೇವಾ ಕೇಂದ್ರಗಳ ಮುಂದೆ ಬೆಳಗಿನಿಂದ ಸಾಲು, ಒಳಗೆ ‘ಸರ್ವರ್ ಇಲ್ಲ’ ಎಂಬ ಉತ್ತರ. ಸರ್ವರನ್ನು ಹ್ಯಾಕ್ ಮಾಡಲಾಗಿದೆ ಎಂದು ಆಗ ಸಚಿವರೊಬ್ಬರೇ ಹೇಳಿದ್ದು ಸುದ್ದಿಯಾಗಿ, ಆ ಮಾತು ಫಾರ್ವರ್ಡ್‌ಗಳಿಗೂ ಹತ್ತಿಕೊಂಡಿತು.

ಆದರೆ ಒಂದೇ ಸಲಕ್ಕೆ ಇಷ್ಟು ಜನ ಬಂದರೆ ಯಾವ ಹ್ಯಾಕರನೂ ಬೇಕಾಗಿಲ್ಲ. ಪ್ರತಿ ಡೇಟಾಬೇಸಿಗೂ ಏಕಕಾಲಕ್ಕೆ ಎಷ್ಟು ಸಂಪರ್ಕ ಒಪ್ಪಿಕೊಳ್ಳಬಹುದು ಎಂಬ ಮಿತಿ ಇರುತ್ತದೆ. ಬಹಳ ಕಡೆ ಬಳಕೆಯಲ್ಲಿರುವ ಮೈಎಸ್‌ಕ್ಯುಎಲ್‌ನಲ್ಲಿ ಯಾರೂ ಬದಲಿಸದಿದ್ದರೆ ಆ ಮಿತಿ 151. ದೊಡ್ಡ ಜಾಲತಾಣಗಳು ಇದನ್ನು ಹೆಚ್ಚಿಸಿಕೊಂಡಿರುತ್ತವೆ, ಆದರೂ ಎಲ್ಲೋ ಒಂದು ಕಡೆ ಮಿತಿ ಇದ್ದೇ ಇರುತ್ತದೆ. ಅದು ದಾಟಿದಾಗ ಬರುವುದೇ ‘ಟೂ ಮೆನಿ ಕನೆಕ್ಷನ್ಸ್’ ಎಂಬ ದೋಷ, ಸಂಖ್ಯೆ 1040. ಬಾಗಿಲಲ್ಲಿ ಜನ ಕಿಕ್ಕಿರಿದಿದ್ದಾರೆ ಎಂದಷ್ಟೇ ಅದರ ಅರ್ಥ, ಕಳ್ಳ ನುಗ್ಗಿದ್ದಾನೆ ಎಂದಲ್ಲ.

ಪರದೆಯ ಮೇಲೆ ಕಾಣುವ ಮೂರಂಕಿಯ ಸಂಖ್ಯೆಗಳಿಗೂ ಹೀಗೇ ಅರ್ಥವಿದೆ. 404 ಎಂದರೆ ನೀವು ಕೇಳಿದ ಪುಟ ಅಲ್ಲಿಲ್ಲ. ಹೆಚ್ಚಿನ ಸಲ ಲಿಂಕ್ ಹಳೆಯದಾಗಿರುತ್ತದೆ ಅಥವಾ ತಪ್ಪಾಗಿರುತ್ತದೆ. 403 ಎಂದರೆ ಪ್ರವೇಶ ಇಲ್ಲ. 500 ಎಂದರೆ ಗುಮಾಸ್ತನೇ ಎಡವಿದ್ದಾನೆ, ಪ್ರೋಗ್ರಾಮಿನಲ್ಲಿ ತಪ್ಪಿದೆ. 503 ಎಂದರೆ ಈಗ ಆಗದು, ಸ್ವಲ್ಪ ಹೊತ್ತು ಬಿಟ್ಟು ಬನ್ನಿ. 504 ಎಂದರೆ ಒಳಗೆ ಹೋದವನು ಹೊತ್ತಿಗೆ ಸರಿಯಾಗಿ ಹೊರಗೆ ಬರಲಿಲ್ಲ. ಸಾಮಾನ್ಯವಾಗಿ 4ರಿಂದ ಶುರುವಾದರೆ ತೊಂದರೆ ಕೇಳಿದವರ ಕಡೆಯದು, 5ರಿಂದ ಶುರುವಾದರೆ ಸರ್ವರ್ ಕಡೆಯದು. 500 ಬಂದಾಗ ನಿಮ್ಮ ಫೋನ್ ರೀಸ್ಟಾರ್ಟ್ ಮಾಡಿ ಪ್ರಯೋಜನವಿಲ್ಲ.

‘ರಿಫ್ರೆಶ್ ಮಾಡ್ತಾನೇ ಇರಿ, ಒಂದು ಸಲ ಹತ್ತುತ್ತೆ’ ಎಂಬ ಸಲಹೆಯೂ ಹರಿದಾಡುತ್ತದೆ. ನೀವು ಪುಟವನ್ನು ಮತ್ತೆ ತೆರೆದರೂ ಮೊದಲು ಕಳಿಸಿದ ಕೋರಿಕೆ ಒಳಗೆ ಇನ್ನೂ ಓಡುತ್ತಿರಬಹುದು. ಹಾಗಾಗಿ ಹತ್ತು ಸಲ ಒತ್ತಿದವರು ಹತ್ತು ಜನರ ಜಾಗ ಹಿಡಿದಂತೆ. ರಾತ್ರಿ ತಡವಾಗಿ ಅಥವಾ ನಸುಕಿನಲ್ಲಿ ಪ್ರಯತ್ನಿಸಿ ಎಂಬ ಸಲಹೆಯಲ್ಲಿ ಮಾತ್ರ ಹುರುಳಿದೆ. ನಿರ್ವಹಣೆಗೆಂದು ಸೈಟ್ ನಿಲ್ಲಿಸುವುದೂ ಅದೇ ಹೊತ್ತಿನಲ್ಲಿ ಎಂಬುದು ಬೇರೆ ಮಾತು.

ಹಾಗಾದರೆ ದಾಳಿ ಎಂಬುದೇ ಸುಳ್ಳೇ?

ಅಲ್ಲ. ಕರ್ನಾಟಕದಲ್ಲೇ ಉದಾಹರಣೆಯಿದೆ. ಆಸ್ತಿ ನೋಂದಣಿಯ ಕಾವೇರಿ 2.0 ಜಾಲತಾಣ 2025ರ ಜನವರಿಯಲ್ಲಿ ಪದೇ ಪದೇ ಕುಸಿಯಿತು. ಉಪನೋಂದಣಿ ಕಚೇರಿಗಳಲ್ಲಿ ಜನ ದಿನಗಟ್ಟಲೆ ಕಾದರು. ಅಧಿಕಾರಿಗಳು ತನಿಖೆ ಮಾಡಿ ಹೇಳಿದ್ದು ಇದು: ಋಣಭಾರ ಪ್ರಮಾಣಪತ್ರ, ಅಂದರೆ ಇಸಿ ಹುಡುಕುವ ಫಾರ್ಮ್‌ಗೆ ಯಂತ್ರಗಳಿಂದ ಸುಳ್ಳು ಕೋರಿಕೆ ಸುರಿಸಲಾಗಿತ್ತು. ಒಂದು ಹಂತದಲ್ಲಿ 62 ಇಮೇಲ್ ಖಾತೆ ಮತ್ತು 14 ಐಪಿ ವಿಳಾಸಗಳಿಂದ 2 ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳು ಬಂದವು ಎಂದು ಆಗ ವರದಿಯಾಯಿತು. ಸೈಬರ್ ಪೊಲೀಸರಿಗೆ ದೂರೂ ಹೋಯಿತು.

ಇದನ್ನು ಡಿಡಾಸ್ ದಾಳಿ ಎನ್ನುತ್ತಾರೆ. ಬಾಡಿಗೆ ಜನರನ್ನು ಕರೆತಂದು ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲಿಸಿ, ನಿಜವಾಗಿ ಅಕ್ಕಿ ಬೇಕಾದವರಿಗೆ ಸರದಿಯೇ ಬಾರದಂತೆ ಮಾಡಿದ ಹಾಗೆ. ಇಲ್ಲಿ ಆಗುವುದು ಅಡ್ಡಿ, ಕಳವು ಅಲ್ಲ. ಡೇಟಾಬೇಸ್ ಒಳಗಿನ ಮಾಹಿತಿ ಕದ್ದರೆ ಅದು ಬೇರೆಯೇ ಅಪರಾಧ. ಅಂಥ ಕಳ್ಳರು ಸೈಟನ್ನು ಕೆಡವುವುದೂ ಅಪರೂಪ, ಸದ್ದಿಲ್ಲದೆ ಬಂದು ಹೋಗುವುದೇ ಅವರಿಗೆ ಲಾಭ. ಆದ್ದರಿಂದ ‘ಸೈಟ್ ಬಂದ್ ಆಗಿದೆ, ಎಲ್ಲರ ಆಧಾರ್ ಕಳುವಾಗಿದೆ’ ಎಂಬ ಸಂದೇಶ ಬಂದರೆ, ಮೊದಲರ್ಧದಿಂದ ಎರಡನೇ ಅರ್ಧಕ್ಕೆ ದಾರಿಯೇ ಇಲ್ಲ ಎಂದು ತಿಳಿಯಿರಿ.

ಒಂದು ಚಿಕ್ಕ ಗೆರೆ ಮಾಡುವ ಅನಾಹುತ

ಮಾಹಿತಿ ಕದಿಯುವ ದಾರಿಗಳಲ್ಲಿ ಒಂದು ನಮ್ಮ ಕರಾವಳಿಯ ಹೆಸರುಗಳ ಮೂಲಕವೇ ಸುಲಭವಾಗಿ ಅರ್ಥವಾಗುತ್ತದೆ. ಹೊನ್ನಾವರ, ಕುಮಟಾ, ಮಂಗಳೂರು ಕಡೆ ಡಿ’ಸೋಜಾ, ಡಿ’ಕೋಸ್ಟಾ, ಡಿ’ಮೆಲ್ಲೊ ಎಂಬ ಮನೆತನದ ಹೆಸರುಗಳಿವೆ. ಇಂಗ್ಲಿಷಿನಲ್ಲಿ ಬರೆಯುವಾಗ ‘ಡಿ’ ಆದ ಮೇಲೆ ಮೇಲ್ಗಡೆ ಒಂದು ಚಿಕ್ಕ ಗೆರೆ, ಅಪಾಸ್ಟ್ರಫಿ.

ಎಸ್‌ಕ್ಯುಎಲ್ ಭಾಷೆಯಲ್ಲಿ ಹೆಸರನ್ನು ಕೊಡುವಾಗ ಅದರ ಆಚೆ ಈಚೆ ಇದೇ ಗೆರೆ ಹಾಕಬೇಕು. ಹೆಸರು ಇಲ್ಲಿ ಶುರು, ಇಲ್ಲಿ ಮುಗಿಯಿತು ಎಂದು ತಿಳಿಸುವ ಬೇಲಿ ಅದು. ಪ್ರೋಗ್ರಾಮ್ ಬರೆದವರು ನೀವು ತುಂಬಿದ ಹೆಸರನ್ನು ಹಾಗೇ ತಂದು ಆ ಬೇಲಿಯೊಳಗೆ ಅಂಟಿಸಿದರೆ, ‘ಡಿ’ ಆದ ಕೂಡಲೇ ಡೇಟಾಬೇಸ್ ‘ಹೆಸರು ಮುಗಿಯಿತು’ ಎಂದುಕೊಳ್ಳುತ್ತದೆ. ಉಳಿದ ‘ಸೋಜಾ’ ಅದಕ್ಕೆ ಹೆಸರಲ್ಲ, ಅರ್ಥವಾಗದ ಆಜ್ಞೆ. ಸಿಂಟ್ಯಾಕ್ಸ್ ದೋಷ, ಸಂಖ್ಯೆ 1064. ಪಕ್ಕದ ಮನೆಯವರ ಅರ್ಜಿ ಸಲೀಸಾಗಿ ಹೋಗಿರುತ್ತದೆ, ಇವರದು ಮಾತ್ರ ಎಷ್ಟು ಸಲ ಹಾಕಿದರೂ ಬಿದ್ದುಹೋಗುತ್ತದೆ. ಹೊರಗಿನಿಂದ ನೋಡಿದವರಿಗೆ ಬೇಕೆಂದೇ ಹೀಗೆ ಮಾಡಿದ್ದಾರೆ ಅನ್ನಿಸಿದರೆ ತಪ್ಪೇನಿಲ್ಲ.

ಇನ್ನು ದುಷ್ಟನೊಬ್ಬ ಹೆಸರಿನ ಜಾಗದಲ್ಲಿ ಬೇಕೆಂದೇ ಆ ಗೆರೆ ಹಾಕಿ, ಅದರ ಮುಂದೆ ನಿಜವಾದ ಆಜ್ಞೆಯೊಂದನ್ನು ಬರೆದರೆ? ‘ಎಲ್ಲರ ವಿವರ ತೋರಿಸು’ ಎಂದೋ ‘ಪಟ್ಟಿ ಅಳಿಸು’ ಎಂದೋ? ಡೇಟಾಬೇಸ್ ಪಾಲಿಸಿಬಿಡಬಹುದು. ಇದೇ ಎಸ್‌ಕ್ಯುಎಲ್ ಇಂಜೆಕ್ಷನ್. 1998ರಲ್ಲೇ ಜೆಫ್ ಫಾರಿಸ್ಟಲ್ ಎಂಬಾತ ‘ಫ್ರಾಕ್’ ಎಂಬ ಹ್ಯಾಕರ್ ಪತ್ರಿಕೆಯಲ್ಲಿ ಇದನ್ನು ವಿವರಿಸಿದ್ದ. ಪರಿಹಾರವೂ ಹಳೆಯದೇ: ಆಜ್ಞೆಯನ್ನು ಮೊದಲು ಖಾಲಿ ಜಾಗಗಳೊಂದಿಗೆ ಕಳಿಸಿ, ಹೆಸರನ್ನು ಬೇರೆಯಾಗಿ ಕಳಿಸುವುದು. ಆಗ ಹೆಸರಿನಲ್ಲಿ ಏನಿದ್ದರೂ ಅದು ಹೆಸರಾಗಿಯೇ ಉಳಿಯುತ್ತದೆ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಎಂದು ಇದರ ಹೆಸರು. ಕಾಲೇಜಿನಲ್ಲಿ ವೆಬ್ ಕಲಿಯುತ್ತಿರುವ ಮಕ್ಕಳು ಮನೆಯಲ್ಲಿದ್ದರೆ ಈ ಒಂದು ಪದವನ್ನು ಅವರಿಗೆ ಫಾರ್ವರ್ಡ್ ಮಾಡಿ.

ಆದರೆ ಬಹಳ ಕಡೆ ಮಾಡುವುದು ಸೋಮಾರಿ ಪರಿಹಾರ. ‘ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ’ ಎಂದು ಫಾರ್ಮ್ ಹೇಳುತ್ತದೆ, ಜನ ಗೆರೆ ತೆಗೆದು ಹೆಸರು ಬರೆಯುತ್ತಾರೆ. ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಆಧಾರಿನಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು. ಮನುಷ್ಯನ ಹೆಸರಿಗೆ ಫಾರ್ಮ್ ಹೊಂದಿಕೊಳ್ಳಬೇಕೇ ಹೊರತು ಫಾರ್ಮ್‌ಗೆ ಹೆಸರಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು

ಕನ್ನಡದಲ್ಲಿ ಬರೆದರೆ ತೊಂದರೆ ಇನ್ನೂ ಸೂಕ್ಷ್ಮ. ಭಟ್ಕಳ ಕಡೆಯ ‘ಮೊಗೇರ’ ಎಂಬ ಹೆಸರನ್ನು ತೆಗೆದುಕೊಳ್ಳಿ. ಯೂನಿಕೋಡ್‌ನಲ್ಲಿ ‘ಮೊ’ ಬರೆಯಲು ಒ-ಕಾರಕ್ಕೆ ಒಂದೇ ಸಂಕೇತವಿದೆ. ಎ-ಕಾರ ಮತ್ತು ಊ-ಕಾರದ ಎರಡು ಸಂಕೇತಗಳನ್ನು ಜೋಡಿಸಿಯೂ ಅದನ್ನೇ ಬರೆಯಬಹುದು. ‘ಗೇ’ಯ ದೀರ್ಘಕ್ಕೂ ಹೀಗೇ ಎರಡು ದಾರಿ. ಹಾಗಾಗಿ ‘ಮೊಗೇರ’ ಒಂದು ಕಡೆ 5 ಸಂಕೇತಗಳಾಗಿಯೂ ಇನ್ನೊಂದು ಕಡೆ 7 ಸಂಕೇತಗಳಾಗಿಯೂ ಕೂತಿರಬಹುದು. ಪರದೆಯ ಮೇಲೆ ಎಳ್ಳಷ್ಟೂ ವ್ಯತ್ಯಾಸ ಕಾಣದು. ಸಂಕೇತಕ್ಕೆ ಸಂಕೇತ ಹೋಲಿಸುವ ಪ್ರೋಗ್ರಾಮ್ ಮಾತ್ರ ‘ಹೆಸರು ಹೊಂದುತ್ತಿಲ್ಲ’ ಎನ್ನುತ್ತದೆ. ‘ನಾಯ್ಕ್’ ಎಂದು ಬರೆದಾಗ ಕೆಲವು ಕೀಲಿಮಣೆಗಳು ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸುವುದೂ ಉಂಟು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ಕ್ರಮ ಇದೆ, ಅದನ್ನು ಮಾಡುವುದು ತಂತ್ರಜ್ಞರ ಕೆಲಸ.

ಉದ್ದದ ಲೆಕ್ಕವೂ ಬೇರೆ. ‘ಗೃಹಲಕ್ಷ್ಮಿ’ ಎಂಬುದು ನಮಗೆ 4 ಅಕ್ಷರ. ಯೂನಿಕೋಡ್‌ಗೆ 10 ಸಂಕೇತ. ಈಗ ಸಾಮಾನ್ಯವಾಗಿರುವ ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ 3 ಬೈಟ್, ಅಂದರೆ ಒಟ್ಟು 30 ಬೈಟ್. ಅದೇ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 12 ಬೈಟ್ ಸಾಕು. ಇಂಗ್ಲಿಷನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಅಳತೆ ಮಾಡಿದ ಡೇಟಾಬೇಸಿನಲ್ಲಿ ಉದ್ದದ ಕನ್ನಡ ವಿಳಾಸ ಹಾಕಿದರೆ ‘ಡೇಟಾ ಟೂ ಲಾಂಗ್’ ಎಂಬ ದೋಷ ಬರಬಹುದು, ಇಲ್ಲವೇ ವಿಳಾಸದ ಬಾಲ ಕತ್ತರಿಸಿ ಹೋಗಬಹುದು.

ಕನ್ನಡದ ಬದಲು ಪರದೆಯಲ್ಲಿ ಇನ್ನೇನೋ ಕಂಡರೆ ಗಾಬರಿಯಾಗುವ ಮೊದಲು ಏನು ಕಾಣುತ್ತಿದೆ ನೋಡಿ. ಖಾಲಿ ಚೌಕಗಳು ಕಂಡರೆ ಫೋನಿನಲ್ಲಿ ಫಾಂಟ್ ಇಲ್ಲ ಅಷ್ಟೇ, ಮಾಹಿತಿ ಸುರಕ್ಷಿತ. ಚಿತ್ರವಿಚಿತ್ರ ವಿದೇಶಿ ಅಕ್ಷರಗಳು ಕಂಡರೆ ಮಾಹಿತಿ ಇದೆ, ಓದುವ ಕ್ರಮ ತಪ್ಪಿದೆ, ಸಾಮಾನ್ಯವಾಗಿ ಸರಿಪಡಿಸಬಹುದು. ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ಮಾತ್ರ ಚಿಂತಿಸಬೇಕು. ಕನ್ನಡ ತಿಳಿಯದ ಡೇಟಾಬೇಸ್ ನಿಮ್ಮ ಅಕ್ಷರಗಳನ್ನು ಎಸೆದು, ಅವುಗಳ ಜಾಗದಲ್ಲಿ ಪ್ರಶ್ನಾರ್ಥಕಗಳನ್ನೇ ಬರೆದಿಟ್ಟಿರುವ ಸಾಧ್ಯತೆ ಹೆಚ್ಚು. ಹಾಗಿದ್ದರೆ ಅದು ಮರಳಿ ಬರದು, ಮತ್ತೆ ತುಂಬಬೇಕು.

ಫೋಟೊ, ಹೊತ್ತು, ತಾರೀಕು

‘ಎಲ್ಲಾ ತುಂಬಿದ್ದೇನೆ, ಆದರೂ ಹೆಸರು ತುಂಬಿ ಅಂತಿದೆ’ ಎಂಬ ದೂರು ಬಹಳ ಕೇಳುತ್ತೇವೆ. ಇದರ ಹಿಂದೆ ಫೋಟೊ ಇರುವುದುಂಟು. ಪಿಎಚ್‌ಪಿಯಲ್ಲಿ ಮೂಲ ಮಿತಿಯಂತೆ ಒಂದು ಕಡತ 2 ಎಂಬಿ, ಇಡೀ ಫಾರ್ಮ್ 8 ಎಂಬಿ ದಾಟುವಂತಿಲ್ಲ. ಹೊಸ ಫೋನಿನಲ್ಲಿ ತೆಗೆದ ದಾಖಲೆಯ ಫೋಟೊ ಒಂದೇ 4-5 ಎಂಬಿ ಇರುತ್ತದೆ. ಒಟ್ಟು ಮಿತಿ ದಾಟಿದರೆ ಆ ಫೋಟೊ ಜೊತೆಗೆ ನೀವು ತುಂಬಿದ ಎಲ್ಲವೂ ಹೊರಗೇ ಉಳಿಯುತ್ತದೆ, ಪ್ರೋಗ್ರಾಮಿನ ಕೈಗೆ ಬರುವುದು ಖಾಲಿ ಚೀಟಿ. ಅದು ಪಾಪ, ‘ಹೆಸರು ತುಂಬಿ’ ಎನ್ನುತ್ತದೆ. ಫೋಟೊವನ್ನು ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಂಡು ಮತ್ತೆ ಉಳಿಸಿದರೆ ಗಾತ್ರ ಸಾಕಷ್ಟು ಇಳಿಯುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಬೇಡಿ, ಆಗ ಇಳಿಯದು.

ಲಾಗಿನ್ ಆಗಿ, ಪಾಸ್‌ಬುಕ್ ಹುಡುಕಲು ಹೋಗಿ, ಅರ್ಧ ಗಂಟೆ ಬಿಟ್ಟು ಬಂದರೆ ‘ಸೆಷನ್ ಎಕ್ಸ್‌ಪೈರ್ಡ್’. ಪಿಎಚ್‌ಪಿಯ ಮೂಲ ಲೆಕ್ಕ 1440 ಸೆಕೆಂಡು, ಅಂದರೆ 24 ನಿಮಿಷ. ದಾಖಲೆಗಳನ್ನು ಎದುರಿಗಿಟ್ಟುಕೊಂಡೇ ಶುರುಮಾಡಿ. ತಾರೀಕನ್ನು ಫಾರ್ಮ್ ಕೇಳಿದ ಕ್ರಮದಲ್ಲೇ ಕೊಡಿ. ಡೇಟಾಬೇಸ್ ವರ್ಷ-ತಿಂಗಳು-ದಿನ ಎಂದು ಬರೆದುಕೊಳ್ಳುತ್ತದೆ, ಮಧ್ಯೆ ಅದಲುಬದಲಾದರೆ ಏಪ್ರಿಲ್ 3ಕ್ಕೆ ಹುಟ್ಟಿದವರು ಮಾರ್ಚ್ 4ಕ್ಕೆ ಹುಟ್ಟಿದವರಾಗುತ್ತಾರೆ.

‘ಈಗಾಗಲೇ ನೋಂದಣಿಯಾಗಿದೆ’

ಈ ಸಾಲು ಕಂಡೊಡನೆ ‘ನನ್ನ ಹೆಸರಲ್ಲಿ ಬೇರೆ ಯಾರೋ ಹಾಕಿದ್ದಾರೆ’ ಎಂದು ಗುಂಪಿನಲ್ಲಿ ಗುಲ್ಲೆಬ್ಬಿಸುವವರಿದ್ದಾರೆ. ಹಾಗೂ ಆಗಬಹುದು. ಆದರೆ ಮೊದಲು ಯೋಚಿಸಬೇಕಾದ್ದು, ನಿನ್ನೆ ನೀವೇ ಹಾಕಿ 504 ಬಂದಿತ್ತೇ ಎಂದು. ಗುಮಾಸ್ತ ರಿಜಿಸ್ಟರಿನಲ್ಲಿ ಬರೆದಾಗಿತ್ತು, ‘ಆಯಿತು’ ಎಂದದ್ದು ನಿಮಗೆ ಕೇಳಿರಲಿಲ್ಲ. ಒಂದು ರೇಷನ್ ಕಾರ್ಡ್‌ಗೆ ಒಂದೇ ಅರ್ಜಿ ಎಂಬ ಕಟ್ಟುಪಾಡು ಡೇಟಾಬೇಸಿನಲ್ಲೇ ಇರುವಂತೆ ಮಾಡಬಹುದು. ಎರಡನೆಯದು ಬಂದರೆ ‘ಡುಪ್ಲಿಕೇಟ್ ಎಂಟ್ರಿ’, ಸಂಖ್ಯೆ 1062. ಹೀಗಾಗಿ ದೋಷ ಬಂದ ಮೇಲೆ ಮತ್ತೆ ಅರ್ಜಿ ಹಾಕುವ ಮೊದಲು ‘ಅರ್ಜಿ ಸ್ಥಿತಿ’ ನೋಡಿ. ಎಸ್‌ಎಂಎಸ್ ಕೂಡ ನೋಡಿ.

ಹಣ ಕಟ್ಟುವ ಫಾರ್ಮ್ ಆದರೆ ಇನ್ನೂ ಎಚ್ಚರ ಬೇಕು. ಬ್ಯಾಂಕಿನ ಡೇಟಾಬೇಸ್ ಬೇರೆ, ಕಚೇರಿಯದು ಬೇರೆ. ಒಂದರಲ್ಲಿ ‘ಕಡಿತ’ ಎಂದು ಬರೆದು, ಇನ್ನೊಂದಕ್ಕೆ ಸುದ್ದಿ ತಲುಪದೇ ಹೋಗಬಹುದು. ತಕ್ಷಣ ಎರಡನೇ ಸಲ ಕಟ್ಟಬೇಡಿ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಂತೆ, ಯುಪಿಐನಲ್ಲಿ ವ್ಯಾಪಾರಿಗೆ ಕಟ್ಟಿದ ಹಣ ಕಡಿತವಾಗಿಯೂ ಅವರಿಗೆ ದೃಢೀಕರಣ ತಲುಪದಿದ್ದರೆ 5 ದಿನದೊಳಗೆ ತಾನಾಗಿ ವಾಪಸಾಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದನ್ನು ಕೇಳುವುದು ನಿಮ್ಮ ಹಕ್ಕು.

ಆ ‘ಹೊಸ ಲಿಂಕ್’

ನಿಜವಾದ ಸೈಟ್ ಕುಸಿದ ದಿನವೇ ವಂಚಕರಿಗೆ ಹಬ್ಬ. ಅವರ ಫಾರ್ಮ್ ಸರಸರನೆ ತೆರೆಯುತ್ತದೆ, ಯಾವ ದೋಷವೂ ಬರುವುದಿಲ್ಲ. ಬರುವುದಾದರೂ ಹೇಗೆ? ಅದರ ಹಿಂದೆ ಪರಿಶೀಲನೆ ಏನೂ ಇಲ್ಲ. ನೀವು ತುಂಬಿದ್ದೆಲ್ಲ ನೇರ ಅವರ ಕೈಗೆ. ಲಿಂಕ್ ನೋಡುವಾಗ ಮೊದಲ ಒಂಟಿ ಓರೆಗೆರೆಯ ತನಕದ ವಿಳಾಸವನ್ನು ಬಲದಿಂದ ಓದಿ. ಅದು ‘ಡಾಟ್ ಗವ್ ಡಾಟ್ ಇನ್’ ಎಂದು ಮುಗಿಯಬೇಕು. ಆ ವಿಳಾಸ ಸರ್ಕಾರಿ ಸಂಸ್ಥೆಗಳಿಗಷ್ಟೇ ಸಿಗುತ್ತದೆ. ಸೇವಾ ಸಿಂಧುವಿನದು ‘ಸೇವಾಸಿಂಧು ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್’. ಎಡಗಡೆ ‘ಕರ್ನಾಟಕ’, ‘ಗವ್’ ಎಂದೆಲ್ಲ ಇದ್ದು ಕೊನೆಗೆ ‘ಡಾಟ್ ಆನ್‌ಲೈನ್’ ಎಂದಿದ್ದರೆ ಅದು ಸರ್ಕಾರದ್ದಲ್ಲ. ಆರ್‌ಟಿಒ ಚಲನ್, ಪಿಎಂ ಕಿಸಾನ್ ಹೆಸರಿನಲ್ಲಿ ಬರುವ ಎಪಿಕೆ ಕಡತಗಳನ್ನಂತೂ ಒತ್ತಲೇಬೇಡಿ. ಅವು ನಿಮ್ಮ ಎಸ್‌ಎಂಎಸ್ ಓದಿ ಒಟಿಪಿ ಕದಿಯುತ್ತವೆ. ಒತ್ತಿ ಹಣ ಹೋಗಿದ್ದರೆ ಗುಂಪಿಗೆ ಬರೆಯುತ್ತ ಕೂರದೆ ಮೊದಲು 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ದೋಷದ ಸ್ಕ್ರೀನ್‌ಶಾಟ್ ಹಂಚುವ ಮುನ್ನ ಅರ್ಜಿ ಸಂಖ್ಯೆ, ಆಧಾರ್, ಮೊಬೈಲ್ ಸಂಖ್ಯೆ ಮುಚ್ಚಿ. ದೂರು ಕೊಡುವಾಗ ಮಾತ್ರ ‘ಸರ್ವರ್ ಡೌನ್’ ಎಂದಷ್ಟೇ ಬರೆಯಬೇಡಿ. ದಿನ, ಗಂಟೆ-ನಿಮಿಷ, ಯಾವ ಪುಟ, ದೋಷದ ಸಂಖ್ಯೆ, ಯಾವ ಜಾಗದಲ್ಲಿ ಏನು ತುಂಬಿದಾಗ ಬಂತು ಎಂದು ಬರೆಯಿರಿ. ಸರ್ವರ್ ಪ್ರತಿ ದೋಷವನ್ನೂ ಹೊತ್ತಿನ ಸಮೇತ ತನ್ನದೇ ದಿನಚರಿಯಲ್ಲಿ ಬರೆದುಕೊಂಡಿರುತ್ತದೆ. ನೀವು ಕೊಟ್ಟ ಸಮಯ ಹಿಡಿದು ತಂತ್ರಜ್ಞರು ನೇರ ಆ ಸಾಲಿಗೆ ಹೋಗಬಹುದು.

ಜಾಲಿ, ಭಟ್ಕಳದ ಕೊಲ್ಲಿ ದೇಶದ ಬಂಧುಗಳಿಗೆ ಒಂದು ಮಾತು. ‘ಇಲ್ಲಿ ದುಬೈನಲ್ಲಿ ಓಪನ್ ಆಗ್ತಿಲ್ಲ, ಸೈಟ್ ಮುಚ್ಚಿದ್ದಾರೆ’ ಎಂದು ಊರಿನ ಗುಂಪಿಗೆ ಹಾಕುವ ಮೊದಲು ಊರಿನಲ್ಲಿರುವವರನ್ನೇ ಒಮ್ಮೆ ಕೇಳಿ. ನಮ್ಮ ಕೆಲವು ಸರ್ಕಾರಿ ಜಾಲತಾಣಗಳು ದೇಶದ ಹೊರಗಿನಿಂದ ಬರುವ ಕೋರಿಕೆಗಳನ್ನು ಭದ್ರತೆಗಾಗಿ ತಡೆದಿರುತ್ತವೆ; ನಿಮಗೆ ಕಂಡ 403 ಅದೇ ಇರಬಹುದು. ತಾಯಿಯ ಆಧಾರ್‌ಗೆ ನಿಮ್ಮ ನಂಬರ್ ಜೋಡಿಸಿದ್ದರೆ ಒಟಿಪಿ ಬರುವುದು ನಿಮ್ಮ ಫೋನಿಗೆ. ರೋಮಿಂಗ್ ಇಲ್ಲದೆ ಅದು ತಲುಪದಿದ್ದಾಗಲೂ ಸೇವಾ ಕೇಂದ್ರದಲ್ಲಿ ಕೂತ ತಾಯಿಗೆ ಸಿಗುವ ಉತ್ತರ ‘ಸರ್ವರ್ ಇಲ್ಲಮ್ಮ’ ಎಂದೇ ಆಗಿರುತ್ತದೆ. ಮುಂದಿನ ಸಲ ರಜೆಗೆ ಬಂದಾಗ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಅವರದೇ ನಂಬರ್ ಹಾಕಿಸಿಕೊಡಿ.